ಅಗ್ಗದ ಡಿಸ್ಕು, ಮಾಸ್ಟರ ಬಲಗೈ

ಬೀದಿಯವರು ಅವಳಿಗೆ ಇಟ್ಟ ಹೆಸರು ಹೆಡ್‌ಫೋನ್ ಅಕ್ಕ. ಬೆನ್ನ ಹಿಂದೆ ಕರೆಯುತ್ತಿದ್ದರು. ಎದುರಿಗೇ ಕರೆದಿದ್ದರೂ ಅವಳಿಗೆ ಕೇಳಿಸುತ್ತಿರಲಿಲ್ಲ, ಅದು ಬೇರೆ ಮಾತು. ಬೆಳಗ್ಗೆ ಪಾತ್ರೆ ತೊಳೆದು ಕಿಟಕಿ ಪಕ್ಕದ ಮೇಜಿಗೆ ಕೂತಳೆಂದರೆ ಸಂಜೆಯವರೆಗೂ ಕಿವಿಯ ಮೇಲೆ ಆ ಕರಿ ಹೆಡ್‌ಫೋನು. ಆಸ್ಪತ್ರೆಯ ಡಾಕ್ಟರುಗಳು ರೋಗಿಗಳನ್ನು ನೋಡಿದ ಮೇಲೆ ತಮ್ಮ ಅಭಿಪ್ರಾಯವನ್ನು ಬಾಯಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಅದನ್ನು ಕೇಳಿ ಕೇಳಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ಯಾರ ಹೊಟ್ಟೆಯಲ್ಲಿ ಕಲ್ಲು, ಯಾರ ಮಂಡಿ ಸವೆದಿದೆ, ಯಾರು ಮಾತ್ರೆ ನುಂಗದೆಯೇ ನುಂಗಿದೆ ಅಂದರು, ಎಲ್ಲ ಅವಳ ಕಿವಿ ದಾಟಿಯೇ ಕಾಗದಕ್ಕೆ ಇಳಿಯಬೇಕು. ಡಾಕ್ಟರುಗಳಿಗೆ ಬರೆಯಲು ಪುರುಸೊತ್ತಿಲ್ಲ. ಕೆಲವರಿಗೆ ಬಾಯಿ ಬಿಡುವುದಕ್ಕೂ ಇಲ್ಲ, ತುಟಿಯೊಳಗೇ ಗೊಣಗಿ ಕಳಿಸಿಬಿಡುತ್ತಾರೆ. ಅಂಥ ಗೊಣಗಾಟವನ್ನು ಮನುಷ್ಯರು ಓದುವ ಹಾಗೆ ಮಾಡುವುದರಲ್ಲಿ ಅವಳದು ಎತ್ತಿದ ಕೈ.

ಅವಳ ಗಂಡ ಸಣ್ಣದೊಂದು ಹೊಲಿಗೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಮಾರುದ್ದದ ಮೇಜಿನ ಮೇಲೆ ಬಟ್ಟೆ ಹಾಸಿ, ಸೀಮೆಸುಣ್ಣದಲ್ಲಿ ಗೀಟು ಹಾಕಿ, ಕತ್ತರಿ ಓಡಿಸಿದನೆಂದರೆ ಹೊಲಿಯುವವರು ಎರಡನೇ ಸಲ ಅಳೆಯುತ್ತಿರಲಿಲ್ಲ. ಊರೆಲ್ಲ ಅವನನ್ನು ಮಾಸ್ಟರ್ ಅನ್ನುತ್ತಿತ್ತು, ಅವನಿಗೂ ಆ ಹೆಸರಿನ ಮೇಲೆ ಸ್ವಲ್ಪ ಹೆಚ್ಚೇ ಪ್ರೀತಿ. ಹೀಗಿರುವಾಗ ಒಂದು ಬೆಳಗ್ಗೆ ಮೇಜಿನ ಮುಂದೆ ನಿಂತಿದ್ದವನ ಕೈಯಿಂದ ಕತ್ತರಿ ಜಾರಿ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವನು ತಾನೂ ಬಿದ್ದ. ಲಕ್ವ. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಬಾಯಿ ಸರಿಹೋಗಿತ್ತು, ಕಾಲು ಎಳೆದುಕೊಂಡಾದರೂ ನಡೆಯುತ್ತಿತ್ತು. ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿ ಕೂತುಬಿಟ್ಟಿತ್ತು.

ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಮೇಡಂ ಒಬ್ಬಳಿದ್ದಳು. ಒಳ್ಳೆಯ ಹುಡುಗಿ, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವಳು. ಮಾಸ್ಟರ ಮುಷ್ಟಿಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಮೊದಲು ಹೆಬ್ಬೆರಳು, ಆಮೇಲೆ ಉಳಿದವು, ಒಂದೊಂದಾಗಿ ಬಿಡಿಸಿ ತೋರಿಸಿದಳು.

"ಅಮ್ಮಾ, ಒಂದೇ ಸಲ ಗಂಟೆಗಟ್ಲೆ ಎಳೆದಾಡಿದ್ರೆ ಏನೂ ಉಪಯೋಗ ಇಲ್ಲ. ಸ್ವಲ್ಪ ಸ್ವಲ್ಪ, ಆದ್ರೆ ದಿನವಿಡೀ ಮಾಡ್ತಾನೇ ಇರ್ಬೇಕು. ಈಗ ಕೈ ಹೇಳಿದ ಮಾತು ಕೇಳುತ್ತೆ. ಇನ್ನು ಕೆಲವು ತಿಂಗಳು ಹೋದ್ರೆ ಕೇಳಲ್ಲ."

"ಕತ್ತರಿ ಹಿಡೀಬಹುದಾ?" ಎಂದು ಮಾಸ್ಟರ್ ಕೇಳಿದ.

"ಹೆಬ್ಬೆರಳು ಬಿಚ್ಚಿಕೊಂಡ್ರೆ ಯಾಕಾಗಲ್ಲ ಸಾರ್?"

ಕಾರ್ಖಾನೆಯ ಯಜಮಾನ ಕೂಡ ಮನೆಗೇ ಬಂದು, ಕೈ ಬಂದ ದಿನ ಬಾ ಮಾಸ್ಟರ್, ನಿನ್ನ ಮೇಜು ನಿನ್ನದೇ ಎಂದು ಹೇಳಿ ಹೋದ. ಆದ್ದರಿಂದ ಆ ಮನೆಯಲ್ಲಿ ಎಲ್ಲವೂ ಒಂದು ಹೆಬ್ಬೆರಳ ಮೇಲೆ ನಿಂತಿತು.

ದಿನವಿಡೀ ಅಂದರೆ ಅಷ್ಟು ಹೊತ್ತು ಎಲ್ಲಿಂದ ತರುವುದು? ಅವಳಿಗೆ ಬಿಡುವನ್ನು ಕೊಟ್ಟದ್ದು ಕಂಪ್ಯೂಟರು. ಅದೊಂದು ಮುದಿ ಯಂತ್ರ. ಗುಂಡಿ ಒತ್ತಿದರೆ ಒಳಗಿನ ಹಾರ್ಡ್ ಡಿಸ್ಕು ನರಳಲು ಶುರುಮಾಡುತ್ತಿತ್ತು. ಪರದೆಯ ಮೇಲೆ ಉಂಗುರವೊಂದು ಸುತ್ತಿ ಸುತ್ತಿ ನೋಡುವವರಿಗೇ ತಲೆ ಸುತ್ತು ಬರಬೇಕು. ಪ್ರತಿ ಫೈಲು ತೆರೆಯುವಾಗಲೂ ಇದೇ ರಾಮಾಯಣ. ಮೊದಲೆಲ್ಲ ಅವಳು ಆ ಹೊತ್ತಿನಲ್ಲಿ ಪರದೆಗೆ ಬೈಯುತ್ತ ಕೂರುತ್ತಿದ್ದಳು. ಈಗ ಮಾಸ್ಟರ ಮಂಚ ಮೇಜಿನ ಪಕ್ಕಕ್ಕೇ ಬಂದಿತ್ತಲ್ಲ, ಉಂಗುರ ಸುತ್ತತೊಡಗಿದ ಕೂಡಲೇ ಕುರ್ಚಿ ತಿರುಗಿಸಿ ಅವನ ಮುಷ್ಟಿಯನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದಳು. ಫೈಲು ತೆರೆಯುವ ಹೊತ್ತಿಗೆ ಹೆಬ್ಬೆರಳೂ ತೆರೆದಿರುತ್ತಿತ್ತು. ಇದನ್ನು ಯಾರೂ ಕೂತು ಯೋಜನೆ ಮಾಡಿದ್ದಲ್ಲ, ಅದರ ಪಾಡಿಗೆ ಅದು ರೂಢಿಯಾಯಿತು.

"ಶುರುವಾಯ್ತು ನೋಡು ನಿನ್ನ ಕಂಪ್ಯೂಟರ್ ಯೋಚನೆ. ಇನ್ನು ನನ್ನ ಕೈಗೆ ಗ್ರಹಚಾರ," ಅನ್ನುತ್ತಿದ್ದ ಮಾಸ್ಟರ್.

"ಸುಮ್ನಿರಿ. ಅದು ಯೋಚನೆ ಮಾಡ್ದೇ ಇದ್ದಿದ್ರೆ ನಿಮ್ಮನ್ನ ಕೇಳೋರು ಯಾರಿದ್ರು?"

ನೋವಿಗೆ ಅವನ ಮುಖ ಕಿವುಚಿಕೊಳ್ಳುತ್ತಿತ್ತು, ಆದರೂ ಬಾಯಿ ನಿಲ್ಲುತ್ತಿರಲಿಲ್ಲ. ಕಾರ್ಖಾನೆಯ ಹಳೆಯ ಕತೆ, ಯಾವನೋ ಗಿರಾಕಿಯ ಒಂದು ಭುಜ ಏರು ಒಂದು ಭುಜ ಇಳಿ, ಇನ್ನೊಬ್ಬನ ಹೊಟ್ಟೆಗೆ ಸುತ್ತಲು ಟೇಪು ಸಾಲದೆ ಬಂದದ್ದು. ಇಷ್ಟು ವರ್ಷದ ಸಂಸಾರದಲ್ಲಿ ಗಂಡ ಹೆಂಡತಿ ಇಷ್ಟೊಂದು ಮಾತಾಡಿದ್ದೇ ಇಲ್ಲ. ಮದುವೆಯಾದ ಹೊಸತರಲ್ಲೂ ಇಲ್ಲ.

ಒಂದು ಮಧ್ಯಾಹ್ನ ಅವಳು ಕೈ ಚಾಚುವ ಮೊದಲೇ ಹೆಬ್ಬೆರಳು ತಾನಾಗಿ ಅಲುಗಿ, ಉಳಿದ ಬೆರಳುಗಳಿಂದ ಬಿಡಿಸಿಕೊಂಡು ಹೊರಗೆ ಬಂತು. ಇಬ್ಬರೂ ಅದನ್ನೇ ನೋಡಿದರು. "ಇನ್ನೊಂದ್ಸಲ ಮಾಡ್ರಿ," ಅಂದಳು. ಮಾಡಿದ. ಅವಳು ಫೋನ್ ಹಚ್ಚಿ ವ್ಯಾಯಾಮದ ಮೇಡಂಗೆ ಹೇಳಿದಾಗ, ಬಿಡದೆ ಹೀಗೇ ಮಾಡಿಸಿ ಅಮ್ಮಾ, ಈಗ ಬಿಟ್ಟರೆ ಕೆಟ್ಟಿರಿ ಎಂದು ಆ ಹುಡುಗಿ ಹೇಳಿದಳು. ಬಿಡುವ ಯೋಚನೆ ಆಗ ಯಾರಿಗಿತ್ತು?

ಆದರೆ ಮನೆಗೆ ಬರುತ್ತಿದ್ದ ಎರಡು ಸಂಬಳದಲ್ಲಿ ಒಂದು ನಿಂತುಹೋಗಿತ್ತು, ಔಷಧಿಯ ಖರ್ಚು ಹೊಸದಾಗಿ ಸೇರಿತ್ತು. ಟೈಪಿಂಗ್ ಕಂಪನಿಯಲ್ಲಿ ಇವಳಿಗೆ ಕೆಲಸ ಹಂಚುವ ಸೂಪರ್‌ವೈಸರ್ ಫೋನಿನಲ್ಲಿ ಹೇಳಿದಳು: "ಅಕ್ಕಾ, ನಿಮ್ಮ ಕೈ ಕುದುರೆ, ನಿಮ್ಮ ಕಂಪ್ಯೂಟರ್ ಕತ್ತೆ. ನಿಧಾನದವರ ಗುಂಪಲ್ಲಿ ಎಷ್ಟು ದಿನ ಇರ್ತೀರ? ಮಷೀನ್ ಸರಿಮಾಡ್ಕೊಳಿ, ಬೇಗದವರ ಗುಂಪಿಗೆ ಹಾಕ್ತೀನಿ. ದುಡ್ಡು ಹೆಚ್ಚು ಕಡಿಮೆ ಎರಡರಷ್ಟು."

ಹೊಸ ಕಂಪ್ಯೂಟರ್ ಕನಸಿನ ಮಾತು. ಆದರೆ ಮೂಲೆಯ ರಿಪೇರಿ ಅಂಗಡಿಯವನು ಅಷ್ಟು ದೂರ ಹೋಗುವುದೇ ಬೇಡ ಅಂದ. ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಅನ್ನುವ ಹೊಸ ಬಗೆಯ ಡಿಸ್ಕು ಹಾಕಿದರೆ ಮುದಿ ಯಂತ್ರವೂ ಎದ್ದು ಓಡುತ್ತದಂತೆ. ಅದರೊಳಗೆ ತಿರುಗುವ ತಟ್ಟೆ ಇಲ್ಲ, ಸದ್ದಿಲ್ಲ, ಕಾಯಿಸುವುದಿಲ್ಲ. ಗಾಜಿನ ಮೇಲೆ ಮೂರು ಡಬ್ಬಿ ಇಟ್ಟ. ಒಂದು ಹೆಸರಾಂತ ಕಂಪನಿಯದು, ವರ್ಷಗಟ್ಟಲೆ ಗ್ಯಾರಂಟಿ, ಬೆಲೆ ಕೇಳಿ ಅವಳು ಕೈ ಹಿಂದೆ ತೆಗೆದಳು. ಎರಡನೆಯದು ನಡುವಿನದು. ಮೂರನೆಯದರ ಹೆಸರನ್ನು ಅಂಗಡಿಯವನೇ ಓದಲು ತಡವರಿಸಿದ.

"ಇದು ಬಾಳಿಕೆ ಬರುತ್ತಾ?"

"ಸುಳ್ಳು ಹೇಳಲ್ಲ ಅಕ್ಕಾ. ಸಿನಿಮಾ ಪಿನಿಮಾ ರಾಶಿ ಹಾಕಿ ತುಂಬೋರಿಗೆ ಇದು ಆಗಲ್ಲ, ದೊಡ್ಡ ಫೈಲ್ ಸುರಿದ್ರೆ ಏದುಸಿರು ಬಿಡುತ್ತೆ. ನಿಮ್ದು ಟೈಪಿಂಗ್ ತಾನೇ, ಧಾರಾಳ ಸಾಕು. ಆದ್ರೆ ಹಳೇದು ಸಾಯೋ ಮುಂಚೆ ನರಳುತ್ತೆ, ಇದು ಹೇಳ್ದೆ ಕೇಳ್ದೆ ಹೋಗುತ್ತೆ. ಮುಖ್ಯವಾದ್ದನ್ನ ಬೇರೆ ಕಡೆನೂ ಇಟ್ಕೊಂಡಿರಿ."

ಮನೆಗೆ ಬಂದು ಹೇಳಿದಾಗ ಮಾಸ್ಟರೇ ಹಟ ಹಿಡಿದ. "ತಗೋ. ನನ್ನ ಮಾತ್ರೆಲಿ ಉಳಿಸೋದಕ್ಕಿಂತ ಅದ್ರಲ್ಲಿ ಗಳಿಸೋದು ಮೇಲು." ಮರುದಿನ ಅವಳು ಮೂರನೆಯ ಡಬ್ಬಿಯನ್ನೇ ತಂದಳು. ಅವನು ಆ ಡಿಸ್ಕನ್ನು ಎಡಗೈಯಲ್ಲಿ ತೂಗಿ ನೋಡಿದ, ಬಟ್ಟೆ ನೋಡುವ ಹಾಗೆ ಬೆರಳಲ್ಲಿ ಉಜ್ಜಿದ. "ಇಷ್ಟು ಹಗುರಾನಾ? ನಿನಗೆ ಖಾಲಿ ಡಬ್ಬಿ ಕೊಟ್ಟು ಟೋಪಿ ಹಾಕಿದ್ದಾನೆ ಕಣೇ. ಇಂಥ ಮಾಲು ಮೊದಲ ಒಗೆತಕ್ಕೇ ಬಣ್ಣ ಬಿಡುತ್ತೆ."

ಅಂಗಡಿಯವನು ಮನೆಗೇ ಬಂದು ಹಳೆಯದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಇಳಿಸಿ, ಸ್ಕ್ರೂ ಬಿಗಿದು, ಗುಂಡಿ ಒತ್ತಿದ. ಅವಳು ಅಭ್ಯಾಸಬಲದಿಂದ ಕುರ್ಚಿಯನ್ನು ಮಂಚದ ಕಡೆ ತಿರುಗಿಸಿದ್ದಳು. ತಿರುಗಿಸುವಷ್ಟರಲ್ಲಿ ಕಂಪ್ಯೂಟರ್ ತಯಾರಾಗಿ ನಿಂತಿತ್ತು. ಫೈಲು ಒತ್ತಿದರೆ ಫೈಲು ಹಾಜರ್. ಮಾಸ್ಟರ್ ಎಡಗೈಯಿಂದ ತೊಡೆ ಬಡಿದುಕೊಂಡು ನಕ್ಕ, ಅವಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕಷ್ಟಕ್ಕೆ ಕೊನೆ ಬಂತು ಅಂತ ಇಬ್ಬರಿಗೂ ಅನ್ನಿಸಿತ್ತು. ಆ ನಗುವನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಸಂಜೆ ದೀಪ ಹಾಕುವಾಗ ಅವಳಿಗೆ ನೆನಪಾಯಿತು, ಇವತ್ತು ಕೈ ಮುಟ್ಟಲೇ ಇಲ್ಲವಲ್ಲ ಎಂದು. ಅಡುಗೆಯ ನಡುವೆ ಬಂದು ಒಂದೆರಡು ಸಲ ಬೆರಳು ಬಿಡಿಸಿದಳು. ನಾಳೆಯಿಂದ ಸರಿಯಾಗಿ ಮಾಡೋಣ ರೀ ಅಂದಳು.

ಅಲ್ಲ, ಅಷ್ಟು ಬೇಕಿದ್ದರೆ ಕೆಲಸ ನಿಲ್ಲಿಸಿ ಐದು ನಿಮಿಷ ತೆಗೆಯಬಾರದೇ ಎಂದು ನೀವು ಕೇಳಬಹುದು. ಕೇಳುವುದು ಸುಲಭ. ಬೇಗದವರ ಗುಂಪಿನಲ್ಲಿ ಒಂದು ಫೈಲು ಮುಗಿದ ಕೂಡಲೇ ಇನ್ನೊಂದು ಬಂದು ಬಾಗಿಲಲ್ಲಿ ನಿಲ್ಲುತ್ತದೆ. ತೆರೆಯದಿದ್ದರೆ ಬೇರೆಯವರಿಗೆ ಹೋಗುತ್ತದೆ. ನಾಲ್ಕಾರು ಸಲ ಹಾಗಾದರೆ ಹೆಸರು ಕೆಳಗೆ ಇಳಿಯುತ್ತದೆ, ಇಳಿದವರಿಗೆ ಕೆಲಸ ಬರುವುದೇ ಅಪರೂಪ. ಮೊದಲು ಕಾಯಿಸುತ್ತಿದ್ದದ್ದು ಯಂತ್ರ, ಅದನ್ನು ಯಾರೂ ತಪ್ಪು ಅನ್ನುತ್ತಿರಲಿಲ್ಲ. ಈಗ ಕಾಯಿಸಿದರೆ ಅದು ಅವಳ ಸೋಮಾರಿತನ.

ಆದರೂ ಅವಳು ಫೋನಿನಲ್ಲಿ ಅಲಾರಂ ಇಟ್ಟಳು. ಅದು ಬಡಿದುಕೊಳ್ಳುವಾಗ ಅವಳ ಕಿವಿಯೊಳಗೆ ಯಾವನೋ ಡಾಕ್ಟರು ಯಾರದೋ ಪಿತ್ತಕೋಶದ ವಿಷಯ ಗೊಣಗುತ್ತಿರುತ್ತಿದ್ದ. ಕೇಳಿಸುತ್ತಿದ್ದದ್ದು ಮಾಸ್ಟರಿಗೆ. ಅವಳ ಬಗ್ಗಿದ ಬೆನ್ನು ನೋಡುತ್ತಿದ್ದ, ಎಡಗೈ ಚಾಚಿ ಅಲಾರಂ ಆರಿಸಿಬಿಡುತ್ತಿದ್ದ. ಪಾಪ, ಅವಳು ಯಾರಿಗಾಗಿ ಸಾಯುತ್ತಿದ್ದಾಳೆ, ನಡುವೆ ನನ್ನದೊಂದು ಕಾಟ ಯಾಕೆ ಎಂಬ ಲೆಕ್ಕ ಅವನದು. ಎಡಗೈಯಿಂದ ತಾನೇ ಬಿಡಿಸಲು ನೋಡಿದ. ಒಂದು ಬೆರಳು ಎತ್ತಿದರೆ ಉಳಿದವು ಇನ್ನಷ್ಟು ಬಿಗಿಯುತ್ತಿದ್ದವು. ಬರುಬರುತ್ತ ಮುಟ್ಟಿದರೇ ಜೀವ ಹೋಗುವಷ್ಟು ನೋವು. ಬಿಡುವಾದ ಭಾನುವಾರ ಅವಳು ಹತ್ತಿರ ಬಂದು ಕೂತರೂ, ಇವತ್ತು ಬೇಡ ಬಿಡು, ನೀನೂ ಸ್ವಲ್ಪ ಒರಗು ಅನ್ನತೊಡಗಿದ. ಅವಳಿಗೂ ಸೊಂಟ ಬಿದ್ದುಹೋಗಿರುತ್ತಿತ್ತು, ಒರಗುತ್ತಿದ್ದಳು. ಮಾಸ್ಟರ್ ಕೈಯನ್ನು ಹೊದಿಕೆಯ ಒಳಗೆ ಇಟ್ಟುಕೊಳ್ಳಲು ಕಲಿತ.

ಅಂಗಡಿಯವನು ದಾರಿಯಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಿದ್ದ, "ಅಕ್ಕಾ, ಡಿಸ್ಕು ಇನ್ನೂ ನಡೀತಿದ್ಯಾ?" ಅವನಿಗೇ ಆಶ್ಚರ್ಯ. ನಡೆಯದೆ ಏನು? ಕೊಟ್ಟ ಕಾಸಿಗೆ ಹತ್ತರಷ್ಟು ದುಡಿಯಿತು, ಒಂದು ದಿನವೂ ಕೆಮ್ಮಲಿಲ್ಲ, ಕ್ಯಾಕರಿಸಲಿಲ್ಲ. ಅದು ಕೆಟ್ಟಿದ್ದರೆ ನಾನು ಸಂತೋಷಪಡುತ್ತಿದ್ದೆ. ಮೊದಲ ಕೆಲವು ತಿಂಗಳು ದುಡ್ಡೂ ಚೆನ್ನಾಗಿ ಬಂತು. ಆಮೇಲೆ ಎಲ್ಲರ ಮನೆಯಲ್ಲೂ ಇಂಥದೇ ಅಗ್ಗದ ಡಿಸ್ಕು ಬಂತು, ಎಲ್ಲರೂ ಬೇಗದವರಾದರು, ಕಂಪನಿ ಮೆಲ್ಲಗೆ ದರ ಇಳಿಸಿತು. ಕೊನೆಗೆ ಕೈಗೆ ಬರುತ್ತಿದ್ದದ್ದು ಮುದಿ ಯಂತ್ರದ ಕಾಲದಲ್ಲಿ ಬರುತ್ತಿದ್ದಷ್ಟೇ, ಕೆಲಸ ಮಾತ್ರ ದುಪ್ಪಟ್ಟು. ಹಳೆಯದನ್ನೇ ಹಾಕಿಸಿಕೊಳ್ಳೋಣವೆಂದರೆ ನಿಧಾನದವರ ಗುಂಪನ್ನೇ ಕಂಪನಿ ಮುಚ್ಚಿಬಿಟ್ಟಿತ್ತು.

ಮತ್ತೆ ಡಾಕ್ಟರಿಗೆ ತೋರಿಸುವ ದಿನ ಬಂತು. ಇವಳು ಯಾರ ಮಾತನ್ನು ಟೈಪ್ ಮಾಡುತ್ತಿದ್ದಳೋ ಆ ಡಾಕ್ಟರುಗಳದೇ ಆಸ್ಪತ್ರೆ. ಡಾಕ್ಟರು ಮುಷ್ಟಿ ಬಿಡಿಸಲು ನೋಡಿದರು, ಮಾಸ್ಟರ್ ಹಲ್ಲು ಕಚ್ಚಿದ, ಮುಷ್ಟಿ ಬಿಡಲಿಲ್ಲ. ಡಾಕ್ಟರು ಔಷಧಿ ಬರೆದು ಕಳಿಸಿದರು. ವ್ಯಾಯಾಮದ ಮೇಡಂ ಹೊರಗೆ ಸಿಕ್ಕಳು. ಕೈಯನ್ನು ಹಿಡಿದು ನೋಡಿ, ಮೆಲ್ಲಗೆ ಅವನ ಮಡಿಲಿಗೇ ಇಟ್ಟಳು.

"ಹೆಬ್ಬೆರಳು ಬಂದಿತ್ತಲ್ಲಮ್ಮಾ..." ಅಂದಳು. ಈ ಸಲ ಅವಳು ಕಣ್ಣು ನೋಡಿ ಮಾತಾಡಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳಿಗೆ ಕೂಗಿ ಅಳಬೇಕೆನ್ನಿಸಿತು. ಪಕ್ಕದಲ್ಲಿ ಅವನಿದ್ದ, ಅಳಲಿಲ್ಲ.

ಎರಡು ದಿನವಾದ ಮೇಲೆ, ಮಧ್ಯಾಹ್ನ, ಫೈಲು ಮುಗಿಸಿ ಮುಂದಿನದು ಒತ್ತಿದಳು. ಕಿವಿಯಲ್ಲಿ ಮೊನ್ನೆ ಮಾಸ್ಟರನ್ನು ನೋಡಿದ ಆ ಡಾಕ್ಟರ ಧ್ವನಿಯೇ. ಗಂಡಸು. ವಯಸ್ಸು ಹೇಳಿದರು. ಬಟ್ಟೆ ಕತ್ತರಿಸುವ ಕೆಲಸ ಅಂದರು. ಸಿದ್ಧವಾಗಲೂ ಸಮಯ ಸಿಗದೆ ಅವಳ ಬೆರಳುಗಳು ಟೈಪ್ ಮಾಡುತ್ತ ಹೋದವು. ಬಲಗೈ ಬೆರಳುಗಳು ಪೂರ್ತಿ ಮಡಚಿ ಗಟ್ಟಿಯಾಗಿವೆ. ಮೊದಲು ಸುಧಾರಣೆ ಇತ್ತು. ಮನೆಯವರು ವ್ಯಾಯಾಮ ಮಾಡಿಸಿಲ್ಲ. ಹಳೆಯ ಕೆಲಸಕ್ಕೆ ಮರಳುವ ಸಾಧ್ಯತೆ ಇಲ್ಲ.

ಗೊಣಗುವ ಡಾಕ್ಟರುಗಳ ನಡುವೆ ಇವರು ಒಬ್ಬರೇ ಬಿಡಿಸಿ ಬಿಡಿಸಿ ಮಾತಾಡುವವರು. ಕೇಳಿದ್ದನ್ನು ಕೇಳಿದ ಹಾಗೆ ಬರೆಯಬೇಕು, ಒಂದಕ್ಷರ ಆಚೀಚೆ ಮಾಡುವಂತಿಲ್ಲ ಎನ್ನುವುದು ಈ ಕೆಲಸದ ಮೊದಲ ಪಾಠ. ಅವಳು ಹಾಗೆಯೇ ಬರೆದಳು. ಕಳಿಸುವ ಗುಂಡಿ ಒತ್ತಿದಳು. ಆಮೇಲೆ ಕೈಗಳು ಕೀಬೋರ್ಡಿನ ಮೇಲೆ ಸುಮ್ಮನೆ ಉಳಿದವು. ಕೊನೆಗೆ ಹೆಡ್‌ಫೋನ್ ತೆಗೆದು ಕೊರಳಿಗೆ ಇಳಿಬಿಟ್ಟಳು.

ಟೈಪಿನ ಸದ್ದು ನಿಂತದ್ದು ಮಂಚದ ಮೇಲಿದ್ದವನಿಗೆ ತಿಳಿಯಿತು. ಹೊದಿಕೆ ಸರಿಯಿತು. ಎಷ್ಟೋ ತಿಂಗಳ ಮೇಲೆ ಮಾಸ್ಟರ್ ತಾನಾಗಿ ಆ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹೊರಗೆ ತಂದು, ಅವಳ ಕುರ್ಚಿಯ ಕಡೆಗೆ, ಮಂಚದ ಅಂಚಿನಲ್ಲಿ ಇಟ್ಟ.

"ಯಾಕೆ ನಿಲ್ಲಿಸ್ದೆ? ಕಂಪ್ಯೂಟರ್ ನಿಧಾನ ಆಯ್ತಾ?" ಎಂದು ಕೇಳಿದ. ಧ್ವನಿಯಲ್ಲಿದ್ದ ಆಸೆಯನ್ನು ಮುಚ್ಚಿಡಲು ಅವನಿಗೆ ಆಗಲಿಲ್ಲ.

"ಇಲ್ಲ ರೀ," ಅಂದಳು ಅವಳು. "ಚೆನ್ನಾಗೇ ಇದೆ."