ಕುಂಕುಮಕ್ಕೆ ಜಾಗ ಬಿಟ್ಟ ಬೋರ್ಡು

ಮಕ್ಕಳೇ, ಅನಘಾ, ಸುಹಾಸ, ನಿಮ್ಮ ಅಜ್ಜಿ ಬರೆಯುತ್ತಿದ್ದೇನೆ. ತಾಳಿಯ ಪಕ್ಕದಲ್ಲೇ ಕಪ್ಪು ದಾರಕ್ಕೆ ಭೂತಗನ್ನಡಿ ಕಟ್ಟಿ ಕೊರಳಿಗೆ ಹಾಕಿಕೊಂಡ ಹೆಂಗಸನ್ನು ನೀವು ನೋಡಿರಲಾರಿರಿ. ನಾನು ನೋಡಿದ್ದೇನೆ. ಬಗ್ಗಿದಾಗ ಅವೆರಡೂ ತಗುಲಿ ಟಿಣ್ ಎನ್ನುತ್ತಿದ್ದವು. ಬಲಗೈ ಹೆಬ್ಬೆರಳಿನ ಮೇಲೆ ಬೆಸುಗೆ ಹಾಕುವಾಗ ಸುಟ್ಟ ಕಲೆ. ಭದ್ರಾವತಿಯ ನ್ಯೂ ಟೌನಿನಲ್ಲಿ, ಯಂತ್ರಗಳಿಗೆ ಬೋರ್ಡು ಮಾಡಿಕೊಡುತ್ತಿದ್ದ ಅವರಿಗೆ ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ನಾವೆಲ್ಲ ಅವರನ್ನು ಬೋರ್ಡ್ ಮೇಡಂ ಎನ್ನುತ್ತಿದ್ದೆವು.

ನಿಮ್ಮ ಅಜ್ಜ ಹೋದ ಮೇಲೆ ಮಲವಗೊಪ್ಪದ ಒಂದು ಶೆಡ್ಡಿನಲ್ಲಿ ನಾನು, ಗಿರಿಜಕ್ಕ, ಇನ್ನು ಕೆಲವು ಹೆಂಗಸರು ಸೇರಿ ಹಪ್ಪಳ ಮಾಡುತ್ತಿದ್ದೆವು. ಬಿಸಿಲಿಲ್ಲದ ದಿನಗಳಿಗೆ ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರವಿತ್ತು. ಬಿಸಿ ಎಷ್ಟಿರಬೇಕು, ಫ್ಯಾನು ಯಾವಾಗ ತಿರುಗಬೇಕು ಎಂದು ಅದಕ್ಕೆ ಹೇಳುವುದು ಒಳಗಿದ್ದ ಅಂಗೈಯಗಲದ ಬೋರ್ಡು. ಪುಟ್ಟ ಕಂಪ್ಯೂಟರ್ ಎಂದುಕೊಳ್ಳಿ. ಶಿವಮೊಗ್ಗದಿಂದ ತಂದು ಹಾಕಿಸಿದ ಬೋರ್ಡು ಹಿಂಗಾರು ಮಳೆಯ ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಕರೆಂಟಿನ ದೋಷ ಎಂದುಕೊಂಡು ಇನ್ನೊಂದು ತಂದೆವು. ಮರುವರ್ಷ ಅದೇ ಹೊತ್ತಿಗೆ ಅದೂ ಸತ್ತಿತು. ಹಪ್ಪಳ ಬೂಷ್ಟು ಹಿಡಿದು, ಕೊಳ್ಳುವವರು ದೂರವಾದರು. ಮತ್ತೊಮ್ಮೆ ಹೀಗಾದರೆ ಶೆಡ್ಡಿಗೆ ಬೀಗ ಹಾಕುವುದೇ ಸರಿ ಎಂದು ಎಲ್ಲರಿಗೂ ಗೊತ್ತಿತ್ತು.

ಯಾರೋ ಹೇಳಿ ಕರೆಸಿದ ಮೇಡಂ, ಬಂದವರು ಬೋರ್ಡಿನ ಮಾತೇ ಎತ್ತಲಿಲ್ಲ. ಮಣೆ ಎಳೆದುಕೊಂಡು ಕೂತು ನಮ್ಮ ಕೆಲಸ ನೋಡಿದರು. ಗುಂಡಿ ಒತ್ತುವವರು ಯಾರು? ಎಣ್ಣೆಗೈಯಲ್ಲೋ, ಒಣಗೈಯಲ್ಲೋ? ಹಿಟ್ಟಿನ ಧೂಳು ಎಲ್ಲಿಯವರೆಗೆ ಹಾರುತ್ತದೆ? ಕರೆಂಟು ಹೋಗಿ ಬಂದರೆ ಯಂತ್ರ ಮೊದಲಿನಿಂದ ಶುರುಮಾಡಬೇಕೋ, ಬಿಟ್ಟಲ್ಲಿಂದಲೋ?

ಗಿರಿಜಕ್ಕನಿಗೆ ತಡೆಯಲಾಗಲಿಲ್ಲ. "ಏನ್ ಮೇಡಂ, ಬೋರ್ಡ್ ಮಾಡ್ತೀರೋ, ಮಗಳಿಗೆ ಗಂಡು ನೋಡ್ತೀರೋ?"

"ಗಂಡು ಸರಿ ಇಲ್ದಿದ್ರೆ ಮಗಳು ತವರಿಗೆ ಬರ್ತಾಳೆ ಮಾರಾಯ್ತಿ. ಬೋರ್ಡ್ ಸರಿ ಇಲ್ದಿದ್ರೆ ನಿಮ್ ಹಪ್ಪಳ ಎಲ್ಲಿಗೆ ಹೋಗುತ್ತೆ? ಬೆಸುಗೆ ಹಾಕೋದೆಲ್ಲ ಆಮೇಲಿನ ಮಾತು. ಏನ್ ಬೇಕು ಅಂತ ತಿಳ್ಕೊಳ್ಳೋದೇ ಕೆಲಸ."

ಆಮೇಲೆ ನನ್ನ ಕಡೆ ತಿರುಗಿದರು. "ನಿಮಗೇನು ಬೇಕಮ್ಮಾ?"

"ನೀವು ಹೇಗೆ ಮಾಡಿದ್ರೂ ಸರಿ," ಎಂದೆ. ಹಳ್ಳಿಯ ಶಾಲೆಯಲ್ಲಿ ಕಲಿತವಳು ನಾನು. ಓದಿದವರ ಎದುರು ಬಾಯೇ ಬರುತ್ತಿರಲಿಲ್ಲ.

"ಹಂಗಾದ್ರೆ ನನ್ನ ಕೈಲಿ ಮಾಡೋಕಾಗಲ್ಲ," ಎಂದು ಬರೆದುಕೊಳ್ಳುತ್ತಿದ್ದ ಪೆನ್ನು ಮುಚ್ಚಿ ಕೂತರು. ಸಿಟ್ಟಿನಿಂದಲ್ಲ. ಕಾಯುತ್ತಿದ್ದರು. ನನ್ನ ಮಾತಿಗಾಗಿ ಅಷ್ಟು ಹೊತ್ತು ಯಾರೂ ಕಾದಿರಲಿಲ್ಲ.

"ಮಿಷನ್ ಬಾಗಿಲು ತೆಗೆದ ಕೂಡ್ಲೇ ಬಿಸಿ ನಿಲ್ಬೇಕು," ಎಂದೆ ಕೊನೆಗೆ. "ಗಿರಿಜಕ್ಕನ ಮುಖಕ್ಕೆ ಹೊಡೆಯುತ್ತೆ."

"ನೋಡಿ, ಇದು ನನಗೆ ಹೊಳೀತಿತ್ತಾ?" ಎಂದು ಮತ್ತೆ ಪೆನ್ನು ತೆಗೆದರು.

ಆಮೇಲೆ ಸತ್ತ ಬೋರ್ಡನ್ನು ಭೂತಗನ್ನಡಿಯಡಿ ಹಿಡಿದರು. ಅಂಚಿನಲ್ಲೆಲ್ಲ ಕೆಂಪು. "ಇದೇನಿದು?"

"ಕುಂಕುಮ. ಆಯುಧಪೂಜೆಗೆ ಮಿಷನ್ ತೊಳೆದು ಹಚ್ತೀವಲ್ಲ," ಎಂದಳು ಗಿರಿಜಕ್ಕ.

ಮೇಡಂ ನಕ್ಕುಬಿಟ್ಟರು. "ಅಯ್ಯೋ, ತಲೆಗೆ ನೀರು ಹಾಕೇ ಕೊಂದಿದ್ದೀರಲ್ರೀ ಇದನ್ನ!" ಹಳೆಯ ಕುಂಕುಮ ತೊಳೆದ ನೀರು ಗಾಳಿಯ ಕಿಂಡಿಯಿಂದ ಒಳಗಿಳಿದು, ಕೂತಲ್ಲೇ ಕೂತು ಬೋರ್ಡನ್ನು ತಿಂದಿತ್ತು.

ನನಗೆ ಗಾಬರಿಯಾಯಿತು. "ಇನ್ಮೇಲೆ ಪೂಜೆ ಬಿಡ್ತೀವಿ ಮೇಡಂ."

ಅವರ ನಗು ನಿಂತಿತು. "ನನಗೆ ಅನುಕೂಲ ಆಗೋದನ್ನ ಹೇಳ್ಬೇಡಿ ಅಮ್ಮಾ. ಪೂಜೆ ಬೇಕೋ, ಬೇಡ್ವೋ?"

ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಬೇಕು," ಎಂದೆ.

"ಹಾಗಾದ್ರೆ ಅದನ್ನ ತಡ್ಕೊಳ್ಳೋದೂ ಬೋರ್ಡಿನ ಕೆಲಸವೇ."

ಹೊಸ ಬೋರ್ಡು ರಬ್ಬರು ಅಂಚಿನ ಸ್ಟೀಲು ಡಬ್ಬಿಯೊಳಗೆ ಬಂತು. ಮುಚ್ಚಳದ ಮೇಲೆ ಕುಂಕುಮಕ್ಕೆಂದೇ ನುಣುಪಾದ ಒಂದು ಜಾಗ. ಆ ವರ್ಷ ಆಯುಧಪೂಜೆಗೆ ಮೇಡಂ ತಾವೇ ಬಂದು, ಒಂದು ಚೊಂಬು ನೀರನ್ನು ಡಬ್ಬಿಯ ಮೇಲೆ ಸುರಿದು, ಸೆರಗಿನಿಂದ ಒರೆಸಿ, "ಈಗ ಹಚ್ಚಿ," ಎಂದರು. ಹಚ್ಚಿ ಸ್ವಿಚ್ಚು ಒತ್ತಿದೆ. ಫ್ಯಾನು ಗುಂಯ್ ಎಂದು ತಿರುಗಿತು. ಆ ಹಿಂಗಾರಿನಲ್ಲಿ ನಮ್ಮ ಹಪ್ಪಳ ಗರಿಗರಿಯಾಗಿ ಹೊರಬಂತು.

ಕಳೆದ ವರ್ಷ ಮೇಡಂ ತೀರಿಕೊಂಡರು. ಬೋರ್ಡು ಇನ್ನೂ ನಡೆಯುತ್ತಿದೆ, ಶೆಡ್ಡಿನ ಬಾಗಿಲು ತೆರೆದೇ ಇದೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ನಿಮ್ಮ ಅಪ್ಪನ ಎದುರಿಗೂ ನಾನೀಗ ಏನು ಬೇಕೋ ಅದನ್ನು ಬಾಯಿಬಿಟ್ಟು ಹೇಳುತ್ತೇನೆ. ಅದು ಅವರು ಕೊಟ್ಟದ್ದು.

ನಿಮಗೆಂದು ಬರೆದ ಈ ಹಾಳೆಗಳನ್ನು ಏನು ಮಾಡೋಣ ಅಜ್ಜಿ ಎಂದು ನೀವು ಹಿಂದೆ ಕೇಳಿದ್ದರೆ, ನಿಮಗೆ ತೋಚಿದ ಹಾಗೆ ಮಾಡಿ ಎನ್ನುತ್ತಿದ್ದೆ. ಈಗ ಹಾಗಲ್ಲ. ನೀರು ಸೋಕದ ಕಡೆ ಜೋಪಾನವಾಗಿಡಿ ಮಕ್ಕಳೇ. ನನಗದು ಬೇಕು.