ಬಾಟಲಿಯ ಬಾಯಿ ಸವರುವ ಅಕ್ಕ

ಸಮುದ್ರದ ಮೇಲೆ ಬೆಳಕು ಇನ್ನೂ ಸರಿಯಾಗಿ ಹರಡಿಲ್ಲ. ಕರಾವಳಿ ರಸ್ತೆಯ ಮೊದಲ ಹೋಟೆಲಿನ ಹಿಂಬಾಗಿಲಲ್ಲಿ ಹಳೆಯ ಪಿಕಪ್ ಗಾಡಿಯೊಂದು ಗುರುಗುಡುತ್ತಾ ನಿಂತಿದೆ. ಇಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಭರವಸೆಯಿಲ್ಲ. ಗಂಡ ಸ್ಟೇರಿಂಗ್ ಹಿಂದೆ ಕೂತಿದ್ದಾರೆ. ಹೆಂಡತಿ ಇಳಿದು, ಮೀನಿನ ಮುಳ್ಳು, ನಿಂಬೆಸಿಪ್ಪೆ ತುಂಬಿದ ಡಬ್ಬದ ಪಕ್ಕ ರಾಶಿ ಬಿದ್ದ ಖಾಲಿ ವೈನ್ ಬಾಟಲಿಗಳ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಹಿಂಬಾಗಿಲುಗಳಲ್ಲಿ ಎಲ್ಲರೂ ಅವರನ್ನು ಕರೆಯುವುದು ಬಾಟಲಿ ಅಕ್ಕ ಎಂದು.

"ಏನಕ್ಕಾ, ಇವತ್ತೂ ಯಜಮಾನ್ರನ್ನ ಕರ್ಕೊಂಡು ಟೂರ್ ಹೊರಟ್ರಾ?" ಅಡುಗೆಯವ ನಿನ್ನೆ ಉಳಿದ ಬ್ರೆಡ್ಡು, ಕರಿದ ಮೀನಿನ ಚೂರುಗಳ ಪೊಟ್ಟಣ ಚಾಚುತ್ತಾನೆ. ಅದೇ ಇಬ್ಬರ ಬೆಳಗಿನ ತಿಂಡಿ.

"ಹೊಸದಾಗಿ ಮದುವೆ ಆದೋರು ಒಂದ್ಸಲ ಬರ್ತಾರೆ ಈ ರಸ್ತೆಗೆ. ನಮಗೆ ದಿನಾ ಹನಿಮೂನು," ಎಂದು ಗಂಡ ಗಾಡಿಯಿಂದಲೇ ಕೂಗುತ್ತಾರೆ.

ಅಕ್ಕ ತಲೆ ಎತ್ತುವುದಿಲ್ಲ. "ಹೌದೌದು. ಅವರಿಗೆ ಕಿಟಕಿ ಪಕ್ಕದ ಟೇಬಲ್ಲು, ನಮಗೆ ಮೋರಿ ಪಕ್ಕದ್ದು."

ಈ ರಸ್ತೆಗೆ ಬರುವವರು ಹೆಚ್ಚಾಗಿ ಜೋಡಿಗಳೇ. ಒಂದು ಕಡೆ ಮೀನು ತಿನ್ನುತ್ತಾರೆ, ಇನ್ನೊಂದು ಕಡೆ ವೈನಿನ ರುಚಿ ನೋಡುತ್ತಾರೆ, ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಿಕೊಂಡು ಮುಂದಕ್ಕೆ ಹೋಗುತ್ತಾರೆ. ಅವರು ಬಿಟ್ಟುಹೋದ ಬಾಟಲಿಗಳನ್ನು ಮರುದಿನ ಬೆಳಿಗ್ಗೆ ಈ ಗಂಡ ಹೆಂಡತಿ ಅದೇ ದಾರಿಯಲ್ಲಿ, ಅದೇ ನಿಲುಗಡೆಗಳಲ್ಲಿ ಆಯ್ದುಕೊಳ್ಳುತ್ತಾರೆ. ಮನೆಯ ಹಿಂದಿನ ತೊಟ್ಟಿಯಲ್ಲಿ ತೊಳೆದು, ಗುಡ್ಡದ ಮೇಲಿನ ವೈನರಿಗೆ ಕೊಡುತ್ತಾರೆ. ಅಲ್ಲಿ ಅವು ಮತ್ತೆ ತುಂಬುತ್ತವೆ.

ಬಾಯಿ ಒಡೆದ ಬಾಟಲಿ ಅಲ್ಲಿಗೆ ಹೋಗುವಂತಿಲ್ಲ. ದೊಡ್ಡ ಬಿರುಕಾದರೆ ಕಣ್ಣಿಗೆ ಬೀಳುತ್ತದೆ. ಕಡು ಹಸಿರು ಗಾಜಿನಲ್ಲಿ ಸಾಸಿವೆಯಷ್ಟು ಚಕ್ಕೆ ಎದ್ದಿದ್ದರೆ ಬೆರಳಿಗೆ ಮಾತ್ರ ತಿಳಿಯುತ್ತದೆ. ಅಕ್ಕನ ಬಲಗೈ ತೋರುಬೆರಳು ಆ ಕೆಲಸಕ್ಕೆಂದೇ ಇತ್ತು. ತೊಳೆಯುವ ನೀರಿಗೆ ಕಾಸ್ಟಿಕ್ ಸೋಡಾ ಬೀಳುತ್ತದೆ, ಚರ್ಮ ಸುಟ್ಟು ಹಲಗೆಯಾಗುತ್ತದೆ. ಅದಕ್ಕೆ ಅವರು ಆ ಬೆರಳೊಂದಕ್ಕೆ ಮಾತ್ರ ಊದದ ಬಲೂನೊಂದನ್ನು ಕವಚದಂತೆ ತೊಡಿಸಿಕೊಂಡು ತೊಳೆಯುತ್ತಿದ್ದರು. "ಉಳಿದ ಒಂಬತ್ತು ಬೆರಳು ಕೂಲಿಯೋವು, ಇದೊಂದು ಮಹಾರಾಣಿ ಅಂತ ಇವರು ರೇಗಿಸೋರು," ಎನ್ನುತ್ತಾರೆ ಅಕ್ಕ.

ಕಳೆದ ಚಳಿಗಾಲದಲ್ಲಿ ಕ್ರೇಟು ಎತ್ತುವಾಗ ತಳದ ಬಾಟಲಿ ಒಡೆದು ಆ ಬೆರಳನ್ನೇ ಸೀಳಿತು. ಗಾಯ ಮಾಯಿತು, ಸ್ಪರ್ಶ ಮರಳಲಿಲ್ಲ. ನರ ತುಂಡಾಗಿದೆ ಎಂದರು ಡಾಕ್ಟರು. ಅಕ್ಕ ಯಾರಿಗೂ ಹೇಳಲಿಲ್ಲ, ಗಂಡನಿಗೂ. ಮೊದಲಿನಂತೆಯೇ ಸವರಿ ಸವರಿ ಕ್ರೇಟು ತುಂಬಿದರು.

ಬೇಸಿಗೆಯ ಶುರುವಿನಲ್ಲಿ ವೈನಿನೊಂದಿಗೆ ಬಂದ ಗಾಜಿನ ಚೂರು ಹುಡುಗಿಯೊಬ್ಬಳ ನಾಲಿಗೆ ಸೀಳಿತು. ಗಂಡನ ಜೊತೆ ಈ ರಸ್ತೆಗೆ ಬಂದಿದ್ದವಳು. ವೈನರಿಯ ಮೇಲ್ವಿಚಾರಕರು ಇಬ್ಬರನ್ನೂ ಗೇಟಿನಲ್ಲೇ ನಿಲ್ಲಿಸಿ ಹೇಳಿದರು: "ಇನ್ನೊಂದು ಇಂಥ ಬಾಟಲಿ ಸಿಕ್ಕಿದ ದಿನ ನಿಮ್ಮ ಗಾಡಿ ಒಳಗೆ ಬರೋದು ಬೇಡ. ಹೊಸ ಬಾಟಲಿ ತರಿಸ್ಕೋತೀವಿ." ಇದು ನಿಂತರೆ ಈ ವಯಸ್ಸಿನಲ್ಲಿ ಇಬ್ಬರಿಗೂ ಬೇರೆ ಕೆಲಸವಿಲ್ಲ.

"ಅವತ್ತೇ ಇವಳು ನಿಜ ಹೇಳಿದ್ದು," ಎನ್ನುತ್ತಾರೆ ಗಂಡ. "ಮನೆಗೆ ಬಂದು ಬೆರಳಿಗೆ ಸೂಜಿ ಚುಚ್ಚಿ ತೋರಿಸಿದ್ಳು. ರಕ್ತ ಬರ್ತಿದೆ, ಇವಳು ನನ್ನ ಮುಖ ನೋಡ್ತಾ ಕೂತಿದಾಳೆ." ಗಂಡನ ಕೈಗಳು ಸ್ಟೇರಿಂಗಿನಷ್ಟೇ ಗಟ್ಟಿ, ಚಕ್ಕೆ ತಿಳಿಯದು. ಚಕ್ಕೆಗೆ ಸಿಕ್ಕಿಕೊಳ್ಳಲೆಂದು ಬಾಟಲಿಯ ಬಾಯಿಗೆ ಹತ್ತಿಯ ಎಳೆ ಸುತ್ತಿ ನೋಡಿದರು, ಒದ್ದೆ ಗಾಜಿಗೆಲ್ಲ ಅಂಟಿತು.

ಕೊನೆಯ ನಿಲುಗಡೆ, ಕಡಲಿಗೆ ಅಂಟಿಕೊಂಡ ಹೋಟೆಲಿನ ಹಿಂಗೋಡೆ. ಗಂಡ ಕ್ರೇಟು ಹೊತ್ತು ಗಾಡಿಯ ಕಡೆ ನಡೆಯುತ್ತಾರೆ. ಅವರು ಮರೆಯಾಗುವವರೆಗೆ ಕಾದು ಅಕ್ಕ ಒಂದು ಬಾಟಲಿ ಎತ್ತಿ, ಕ್ಯಾನಿನ ನೀರಿನಲ್ಲಿ ಬಾಯಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಕೆಳತುಟಿಗೆ ಹಚ್ಚುತ್ತಾರೆ. ಮೆಲ್ಲಗೆ, ಕಣ್ಣು ಮುಚ್ಚಿ, ಪೂರ್ತಿ ಒಂದು ಸುತ್ತು ತಿರುಗಿಸುತ್ತಾರೆ. ಸರಿಯಿದೆ. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ತುಟಿ ತಟ್ಟನೆ ಹಿಂದೆ ಸರಿಯುತ್ತದೆ. ಕೆಂಪು ಗೆರೆಯೊಂದು ಮೂಡಿ, ಹನಿಯಾಗಿ ಗದ್ದಕ್ಕೆ ಇಳಿಯುತ್ತದೆ.

ಗಂಡ ಆಗಲೇ ವಾಪಸು ಬಂದು ನಿಂತಿದ್ದಾರೆ. "ಬೇಡ ಅಂದಿರ್ಲಿಲ್ವಾ ನಿಂಗೆ? ಬೆರಳು ಹೋಯ್ತು, ಈಗ ಮುಖಾನೂ ಹಾಳು ಮಾಡ್ಕೋ."

"ನನ್ನ ಮುಖ ನೋಡಿ ನಿಮಗೆ ಎಷ್ಟು ಕಾಲ ಆಯ್ತೋ. ಸುಮ್ನಿರಿ."

ಗಂಡ ನಗುವುದಿಲ್ಲ. ಆ ಬಾಟಲಿಯನ್ನು ಕಸಿದುಕೊಂಡು ಗೋಡೆಗೆ ಅಪ್ಪಳಿಸುತ್ತಾರೆ. ಆಮೇಲೆ ಬಟ್ಟೆಯ ತುದಿ ಒದ್ದೆ ಮಾಡಿ ಹೆಂಡತಿಯ ತುಟಿಗೆ ಒತ್ತಿ ಹಿಡಿಯುತ್ತಾರೆ. ತುಟಿಯಲ್ಲಿ ಹಳೆಯ ಗಾಯದ ಗುರುತುಗಳು ಇನ್ನೂ ಇವೆ.

ಅಕ್ಕ ಆ ಕೈಯನ್ನು ಪಕ್ಕಕ್ಕೆ ಸರಿಸಿ ಮುಂದಿನ ಬಾಟಲಿಗೆ ಕೈ ಹಾಕುತ್ತಾರೆ.

"ನಾನು ನೋಡಿ ಕಳ್ಸಿದ ಬಾಟಲಿ ಅಂದ್ರೆ, ಯಾರ ಮನೆ ಮಗಳಾದ್ರೂ ಹೆದರ್ದೆ ಕುಡೀಬೇಕು."