ಸೇತುವೆ ಹತ್ತದ ಕಾರು

ಇದನ್ನು ಕಟ್ಟುಕಥೆ ಎನ್ನುವವರು ಒಮ್ಮೆ ಬಂದು ನನ್ನ ಕಾರಿನ ಬಾನೆಟ್ ಎತ್ತಿ ಮೂಸಿ ನೋಡಲಿ. ಹೋದ ಚಳಿಗಾಲದಲ್ಲಿ ನಡೆದದ್ದು. ಮೂರು ಸಲ ತೊಳೆಸಿದ್ದೇನೆ, ವಾಸನೆ ಇನ್ನೂ ಹೋಗಿಲ್ಲ.

ನಾನು ರೈಲ್ವೆಯವನು. ಹುಬ್ಬಳ್ಳಿಯಿಂದ ಬನಾರಸಿಗೆ ವರ್ಗವಾಗಿ ನಾಲ್ಕು ವರ್ಷವಾಯಿತು. ಗಲೀಜು ಕಂಡರೆ ನನಗೆ ಮೈಯೆಲ್ಲ ಮುಳ್ಳಾಗುತ್ತದೆ. ಅಂಥವನಿಗೆ ಮನೆಯಿರುವ, ಘಾಟಿನ ಹತ್ತಿರದ ಸೋನಾರ್‌ಪುರಾದಲ್ಲಿ ಕಾರು ನಿಲ್ಲಿಸಲು ಸಿಕ್ಕ ಜಾಗ ಮೋರಿ ಪಕ್ಕದ್ದು. ಘಾಟಿನಲ್ಲಿ ಬೋಳಿಸಿದ ತಲೆಗಳ ಕೂದಲು, ಪಿಂಡದ ಅನ್ನ, ಎಲ್ಲವನ್ನೂ ಯಾರೋ ಗುಡಿಸಿ ತಂದು ಅಲ್ಲೇ ಸುರಿಯುತ್ತಿದ್ದರು. ಥೂ, ದಿನಾ ಮೂಗು ಮುಚ್ಚಿಕೊಂಡೇ ಕಾರು ಹತ್ತುತ್ತಿದ್ದೆ.

ಆ ವಾರ ಕಾರಿಗೊಂದು ರೋಗ ಹಿಡಿದಿತ್ತು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಒಂದು ಗಳಿಗೆ ಉಸಿರು ಹಿಡಿದು, ಆಮೇಲೆ ಜಗ್ಗಿ ಮುಂದೆ ಹೋಗುತ್ತಿತ್ತು. ಪ್ಲಗ್ ಬದಲಿಸಿದೆ, ಪೆಟ್ರೋಲ್ ಫಿಲ್ಟರ್ ಬದಲಿಸಿದೆ. ಗುಣ ಕಾಣಲಿಲ್ಲ.

ಬಂಗಾಲಿ ಟೋಲಾದ ಒಂದು ಛತ್ರದಲ್ಲಿ ಹಾವೇರಿ ಕಡೆಯ ಗಂಗವ್ವಜ್ಜಿ ಇದ್ದಳು. ಗಂಡ ತೀರಿದ ಮೇಲೆ ಸಾಯಲೆಂದೇ ಕಾಶಿಗೆ ಬಂದವಳು. ತಲೆ ಬೋಳಿಸಿಕೊಂಡು, ಕ್ಷೇತ್ರದ ಎಲ್ಲೆ ದಾಟುವುದಿಲ್ಲವೆಂದು ವ್ರತ ತೊಟ್ಟಿದ್ದಳು. ಇಲ್ಲಿ ಸತ್ತರೆ ಮುಕ್ತಿ, ಹೊಳೆಯಾಚೆ ಸತ್ತರೆ ಕತ್ತೆಯ ಜನ್ಮ ಎಂದು ಇಲ್ಲಿಯವರ ನಂಬಿಕೆ. ಹನ್ನೊಂದು ವರ್ಷದಿಂದ ಅವಳು ಹೊಳೆ ದಾಟಿರಲಿಲ್ಲ. ಭಾನುವಾರ ನನಗೆಂದು ರೊಟ್ಟಿ ಬಡಿದಿಡುತ್ತಿದ್ದ ಜೀವ ಅದು.

ಒಂದು ಸಂಜೆ, ಆರತಿಯ ಗಂಟೆ ಆಗಷ್ಟೇ ನಿಂತಿತ್ತು, ಛತ್ರದಿಂದ ಫೋನ್ ಬಂತು. ಅಜ್ಜಿಗೆ ಉಸಿರು ಸಿಗುತ್ತಿಲ್ಲ. ಈ ದಡದಲ್ಲಿ ವಿಚಾರಿಸಿದ ಕಡೆ ಹಾಸಿಗೆ ಖಾಲಿಯಿರಲಿಲ್ಲ. ಪರಿಚಯದ ಡಾಕ್ಟರೊಬ್ಬರು, ಆಚೆ ದಡದ ತಮ್ಮ ನರ್ಸಿಂಗ್ ಹೋಮಿಗೆ ಕೂಡಲೇ ಕರೆತನ್ನಿ ಎಂದರು. ನಾನೂ ಛತ್ರದವರೂ ಸೇರಿ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಗಲ್ಲಿ ದಾಟಿಸಿ, ಕಾರಿನ ಹಿಂದಿನ ಸೀಟಿಗೆ ಒರಗಿಸಿದೆವು.

“ಹೊಳಿ ದಾಟೂದಿಲ್ಲಲ್ಲ, ತಮ್ಮಾ?” ಅಂದಳು, ಒಂದೊಂದೇ ಮಾತು ಎಳೆದು.

“ಇಲ್ಲಜ್ಜಿ. ದವಾಖಾನಿ ಈ ದಂಡಿಗೇ ಐತಿ.”

ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮೊದಲು ಜೀವ ಉಳಿಯಲಿ, ಆಮೇಲೆ ಬೈಸಿಕೊಂಡರಾಯಿತು ಎಂದು ಗೇರ್ ಹಾಕಿದೆ.

ಸೇತುವೆಯ ಏರು ಬಂತು. ಒತ್ತಿದೆ. ಇಂಜಿನ್ ಉಸಿರು ಹಿಡಿಯಿತು... ಹಿಡಿದೇ ಇತ್ತು. ಎಸಿಯ ಕಿಂಡಿಯಿಂದ ಸುಟ್ಟ ಕೂದಲಿನ ನಾತ ಮುಖಕ್ಕೆ ಹೊಡೆಯಿತು. ಕಾರು ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು.

ಸೇತುವೆಯ ಬುಡದಲ್ಲೇ ಲಲ್ಲನ್ ಮಿಸ್ತ್ರಿಯ ಗ್ಯಾರೇಜ್ ಇತ್ತು. ಬಾಯಿತುಂಬ ಪಾನ್ ಇಟ್ಟುಕೊಂಡ ಮುದುಕ. ಏರ್ ಫಿಲ್ಟರಿನ ಡಬ್ಬಿ ಬಿಚ್ಚಿ ಟಾರ್ಚ್ ಬಿಟ್ಟ.

“ಸಾಹಬ್, ಇಸ್‌ಮೇ ತೋ ಚೂಹೇ ಕಾ ಘರ್ ಹೈ.”

ಇಲಿಯ ಗೂಡು. ಡಬ್ಬಿ ತುಂಬ ಬಿಳಿ ಕೂದಲು. ಅದಕ್ಕಂಟಿದ ಎಳ್ಳು, ಹಳಸಿ ನೂಲೆಳೆಯುವ ಅನ್ನ. ನಡುವೆ ಕಣ್ಣು ಬಿಡದ ಮರಿಗಳು, ಎರಡು ಸತ್ತು ಕೊಳೆತಿದ್ದವು. ಇಂಜಿನ್ನಿಗೆ ಗಾಳಿ ಹೋಗುವ ದಾರಿಯೇ ಮುಚ್ಚಿತ್ತು. ಲಲ್ಲನ್ ಬರಿಗೈಯಲ್ಲಿ ಎಲ್ಲವನ್ನೂ ಬಾಚಿ ತೆಗೆದು ಕೈಯನ್ನು ಲುಂಗಿಗೆ ಒರೆಸಿಕೊಂಡ. ನಾನು ಗೋಡೆ ಹಿಡಿದು ವಾಂತಿ ಮಾಡಿದೆ.

ಅವನು ಹೊಸ ಫಿಲ್ಟರ್ ಕೂರಿಸಿ, ನಿಂತಲ್ಲೇ ರೇಸ್ ಮಾಡಿ ತೋರಿಸಿದ. ಇಂಜಿನ್ ಒಂದೇ ಸಮನೆ ಏರಿತು.

“ಅಬ್ ಭಾಗೇಗೀ,” ಇನ್ನು ಓಡುತ್ತದೆ ಎಂದ.

ಏರು ಹತ್ತಿಸಿದೆ. ಅದೇ ಜಾಗ... ಅದೇ ಉಸಿರು ಹಿಡಿತ. ಅದೇ ನಾತ. ಲಲ್ಲನ್ ತಾನೇ ಕೂತು ಓಡಿಸಿ ನೋಡಿದ. ಊರಿನ ಕಡೆ ತಿರುಗಿಸಿದರೆ ಕಾರು ಬೆಣ್ಣೆಯಂತೆ ಹೋಗುತ್ತಿತ್ತು. ಸೇತುವೆಯ ಕಡೆ ತಿರುಗಿಸಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ. ಮೂರು ಸಲ ಹೀಗಾಯಿತು. ಮೂರನೆಯ ಸಲ ಅವನು ಇಳಿದು ಕೀ ನನ್ನ ಕೈಗಿಟ್ಟ. ಬಾಯಲ್ಲಿದ್ದ ಪಾನನ್ನು ಉಗಿದುಬಿಟ್ಟಿದ್ದ.

ಆಟೋ ಹಿಡಿದಾದರೂ ದಾಟಿಸೋಣವೆಂದು ಹಿಂದಿನ ಬಾಗಿಲು ತೆಗೆದೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ಆ ಕೈ ತಣ್ಣಗಿತ್ತು.

“ಸುಳ್ಳ ಹೇಳಿದೆಲ್ಲೋ, ತಮ್ಮಾ. ಗಾಡಿಗೆ ತಿಳಿದದ್ದು ನಿನಗ ತಿಳೀಲಿಲ್ಲ. ಹಿಂದಕ್ಕ ನಡಿ.”

ಆಟೋ ಎದುರಿಗೇ ನಿಂತಿತ್ತು. ನಾನು ಕರೆಯಲಿಲ್ಲ. ಕಾರು ತಿರುಗಿಸಿದೆ.

ವಾಪಸು ಬರುವಾಗ ಇಂಜಿನ್ ಒಮ್ಮೆಯೂ ತಡವರಿಸಲಿಲ್ಲ. ಛತ್ರದ ಚಾಪೆಯ ಮೇಲೆ ಮಲಗಿಸಿ ಬಾಯಿಗೆ ಗಂಗೆ ಬಿಟ್ಟೆ. ಅರ್ಧ ಗಂಟೆಯೊಳಗೆ ಹೋದಳು.

ಮರುದಿನವೇ ಇಲಿ ನುಸುಳದಂತೆ ಡಬ್ಬಿಯ ಬಾಯಿಗೆ ತಂತಿಯ ಜಾಲರಿ ಹೊಡೆಸಿದೆ. ಮೂರನೆಯ ದಿನ ತೆರೆದು ನೋಡಿದರೆ ಹೊಸ ಫಿಲ್ಟರಿನ ಸುತ್ತ ಬಿಳಿ ಕೂದಲಿನ ಒಂದು ಸಿಂಬಿ. ಮೊಳದುದ್ದದ ಕೂದಲು, ಬಾಚಿ ಸುತ್ತಿಟ್ಟ ಹಾಗಿತ್ತು. ಜಾಲರಿ ಹಾಗೇ ಇತ್ತು. ಇಲಿಯ ಹಿಕ್ಕೆ ಒಂದೂ ಇರಲಿಲ್ಲ. ಅದನ್ನು ಕಡ್ಡಿಯಲ್ಲಿ ಎತ್ತಿ ಹೊಳೆಗೆ ಬಿಟ್ಟು ಬಂದೆ.

ಈಗ ಕೆಲಸದ ಮೇಲೆ ವಾರಕ್ಕೆರಡು ಸಲ ಆ ಸೇತುವೆ ದಾಟುತ್ತೇನೆ. ಕಾರು ಸರಾಗವಾಗಿ ಹತ್ತುತ್ತದೆ, ಯಾವ ತಕರಾರೂ ಇಲ್ಲ. ಆದರೆ ಮೊನ್ನೆ ಆಚೆ ದಡದ ಡಾಕ್ಟರು ಸಿಕ್ಕರು. “ಆ ಸಂಜೆ ನೀವು ತಂದಿದ್ದರೆ ಬಹುಶಃ ಉಳೀತಿದ್ದರು,” ಅಂದರು.

ಅಜ್ಜಿಗೆ ಅವಳು ಬೇಡಿದ್ದು ಸಿಕ್ಕಿತೋ, ಅಥವಾ ಎದುರಿಗಿದ್ದ ಆಟೋ ಕರೆಯದೆ ನಾನೇ ಅವಳನ್ನು ಕೊಂದೆನೋ... ಏರು ಬಂದಾಗಲೆಲ್ಲ ಈಗ ಉಸಿರು ಹಿಡಿಯುವುದು ನಾನು.